ಫ್ಲೆಕ್ಸ್ ಮೇಲಿನ ಕನ್ನಡ ಗೂಗಲ್ಲಿಗೆ ಕಾಣಲ್ಲ ಸ್ವಾಮೀ!

ಮೊನ್ನೆ ಮಧ್ಯಾಹ್ನ ಒಂದು ಫೋನು. "ಸರ್, ಚಳ್ಳಕೆರೆಲಿ ಡಿಸೈನಿಂಗ್ ಶಾಪ್ ನಿಮ್ದೇ ಅಲ್ವಾ? ತಿಂಗಳಿಗೆ ಐದು ಸಾವಿರ ಕೊಡಿ ಸಾಕು, ಮೂರು ತಿಂಗಳಲ್ಲಿ ಗೂಗಲ್ ಫಸ್ಟ್ ಪೇಜ್ ಗ್ಯಾರಂಟಿ" ಅಂದ ಆ ಕಡೆಯ ಹುಡುಗ. "ಏನು ಹುಡುಕಿದ್ರೆ ಫಸ್ಟ್ ಪೇಜಪ್ಪಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಅಂಗಡಿ ಹೆಸ್ರೇ ಸರ್" ಅಂದ. ನನ್ನ ಅಂಗಡಿ ಹೆಸರು ಗೊತ್ತಿರೋನು ಗೂಗಲ್ಲಲ್ಲಿ ಯಾಕೆ ಹುಡುಕ್ತಾನೆ, ಸೀದಾ ಅಂಗಡಿಗೇ ಬರ್ತಾನಲ್ಲ! ಫೋನಿಟ್ಟೆ.

ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು ಅಂತ ಗೂಗಲ್ಲೇ ತನ್ನ ಸಹಾಯ ಪುಟದಲ್ಲಿ ಬರೆದುಕೊಂಡಿದೆ. ಮ್ಯಾಪಿನಲ್ಲಿ ಅಂಗಡಿ ಮೇಲೆ ಬರೋಕೆ ದುಡ್ಡು ತಗೊಳ್ಳಲ್ಲ ಅಂತಲೂ ಹೇಳಿದೆ. ಆದರೂ ನಮ್ಮಂಥ ಸಣ್ಣ ಅಂಗಡಿಯವರು ಈ ಗಾಳಕ್ಕೆ ಬೀಳ್ತಾನೇ ಇದ್ದೀವಿ. ಆದ್ರೆ ಇವತ್ತು ನನ್ನ ಸಿಟ್ಟು ಆ ಹುಡುಗನ ಮೇಲಲ್ಲ. ನನ್ನ ಮೇಲೆ, ನನ್ನ ಕಸುಬಿನವರ ಮೇಲೆ, ಬೇಜಾರು ಮಾಡ್ಕೋಬೇಡಿ, ಸ್ವಲ್ಪ ನಿಮ್ಮ ಮೇಲೂ.

ನನ್ನ ಕಸುಬು ಗೊತ್ತಿಲ್ಲದವರಿಗೆ: ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕು, ಎಣ್ಣೆ ಮಿಲ್ಲಿನವರ ಲೇಬಲ್ಲು, ಶ್ರದ್ಧಾಂಜಲಿ ಬ್ಯಾನರು. ನಾಯಕನಹಟ್ಟಿ ತಿಪ್ಪೇಸ್ವಾಮಿ ಜಾತ್ರೆ ಬಂತು ಅಂದ್ರೆ ಸ್ವಾಗತ ಕೋರುವ ಫ್ಲೆಕ್ಸುಗಳು. ಒಂದೇ ಫ್ಲೆಕ್ಸಲ್ಲಿ ದೇವರ ಫೋಟೋ ಚಿಕ್ಕದು, ಕೋರುವವರ ಫೋಟೋ ದೊಡ್ಡದು! ೨೦೧೬ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಫ್ಲೆಕ್ಸೂ ಇತ್ತು. ಕಾಗದದ ಮೇಲೆ ನಿಷೇಧವಾದ ವಸ್ತುವನ್ನೇ ನಂಬಿಕೊಂಡು ನಮ್ಮ ಹೊಟ್ಟೆಪಾಡು. ಅದರಲ್ಲೂ ಅಡಿಗೆ ಇಷ್ಟು ಅಂತ ಪ್ರಿಂಟಿಗೆ ರೇಟು, ಡಿಸೈನು ಪುಕ್ಕಟೆ. "ಮಾಡಿದಷ್ಟು ನೀಡು ಭಿಕ್ಷೆ" ಅಂದ ತಿಪ್ಪೇರುದ್ರಸ್ವಾಮಿಗಳ ಊರಿನ ಪಕ್ಕದಲ್ಲೇ ಇದ್ದುಕೊಂಡು, ಮಾಡಿದ ಕೆಲಸಕ್ಕೆ ಕೂಲಿ ಕೇಳೋಕೆ ನಾವು ನಾಚಿಕೆಪಡ್ತೀವಿ.

ವಿಷಯಕ್ಕೆ ಬರ್ತೀನಿ. ಮೊಳಕಾಲ್ಮೂರಿನಿಂದ ಒಬ್ಬ ಹಳೇ ಗಿರಾಕಿ ಬಂದಿದ್ರು. ರೇಷ್ಮೆ ಸೀರೆ ನೇಯ್ದು ಮಾರೋ ಮನೆಯವರು. ಅವರ ಬ್ಯಾಗು, ಡಬ್ಬಿ, ವಿಸಿಟಿಂಗ್ ಕಾರ್ಡು ಎಲ್ಲಾ ನಾನೇ ಮಾಡಿಕೊಟ್ಟಿದ್ದು. ಕೂತವರೇ ಮೊಬೈಲು ಮುಂದಿಟ್ಟರು. "ನೋಡಣ್ಣ, ಬೆಂಗ್ಳೂರಾಗೆ ನಮ್ಮ ಅಳಿಯ ಮೊಳಕಾಲ್ಮೂರು ಸೀರೆ ಅಂತ ಹುಡುಕಿದ್ರೆ ಎಲ್ಲಾ ದೊಡ್ಡೂರಿನ ಅಂಗಡಿಗಳೇ ಬರ್ತಾವೆ. ಮೊಳಕಾಲ್ಮೂರಾಗೆ ಮಗ್ಗ ಹಾಕ್ಕಂಡು ಕೂತಿರೋ ನಾವು ಒಬ್ರೂ ಇಲ್ಲ. ಹತ್ತು ವರ್ಷದಿಂದ ನೀನು ಮಾಡಿದ್ದೆಲ್ಲಾ ಎಲ್ಲಿಗೆ ಹೋತು?"

ಈ ಪ್ರಶ್ನೆಗೆ ನನ್ನತ್ರ ಉತ್ತರ ಇರ್ಲಿಲ್ಲ. ಮೊಳಕಾಲ್ಮೂರು ಸೀರೆಗೆ ೨೦೧೧ರಲ್ಲೇ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅಂದ್ರೆ ಆ ಊರಿನ ಹೆಸರೇ ಅವರ ಆಸ್ತಿ. ಆ ಹೆಸರು ಹುಡುಕಿದಾಗ ಆ ಊರಿನವರೇ ಸಿಗಲ್ಲ ಅಂದ್ರೆ ಮಾನ್ಯತೆಯನ್ನು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬೇಕಷ್ಟೆ.

ರಾತ್ರಿ ಅವರ ಹಳೇ ಫೈಲುಗಳನ್ನು ತೆಗೆದು ಕೂತೆ. ಎಲ್ಲಾ ಕೋರೆಲ್‌ಡ್ರಾನಲ್ಲಿ, ನುಡಿ ಅಥವಾ ಶ್ರೀಲಿಪಿ ಫಾಂಟಿನಲ್ಲಿ. ಒಂದು ಸಾಲು ಕಾಪಿ ಮಾಡಿ ಗೂಗಲ್ಲಿಗೆ ಹಾಕಿದೆ. ತಲೆ ಮೇಲೆ ಚುಕ್ಕೆ, ಗೆರೆ ಹೊತ್ತುಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ! ಯಾಕಂದ್ರೆ ಆ ಹಳೇ ಫಾಂಟುಗಳಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಇರೋದು ಇಂಗ್ಲಿಷ್ ಅಕ್ಷರಗಳೇ. ಅವಕ್ಕೆ ಕನ್ನಡದ ಅಂಗಿ ತೊಡಿಸಿದ್ದಾರೆ ಅಷ್ಟೆ. ಅಂಗಿ ಬಿಚ್ಚಿದ್ರೆ ಕನ್ನಡ ಇಲ್ಲ. ಮಿಕ್ಕಿದ್ದೆಲ್ಲಾ ಜೆಪೆಗ್ ಆಗಿ ವಾಟ್ಸಾಪಿಗೆ ಹೋಗಿ, ಗುಡ್ ಮಾರ್ನಿಂಗ್ ಮೆಸೇಜುಗಳ ಕೆಳಗೆ ಸಮಾಧಿ. "ಗೂಗಲ್ ಲೆನ್ಸ್ ಈಗ ಚಿತ್ರದೊಳಗಿನ ಕನ್ನಡವನ್ನೂ ಓದುತ್ತಲ್ಲ" ಅಂತೀರಾ? ಓದುತ್ತೆ, ಚಿತ್ರ ಅದರ ಕೈಗೆ ಸಿಕ್ಕಿದ್ರೆ. ವಾಟ್ಸಾಪ್ ಗ್ರೂಪಿನೊಳಗೆ ಬಿದ್ದಿದ್ದು ಅದಕ್ಕೆಲ್ಲಿ ಸಿಗುತ್ತೆ?

ಹತ್ತು ವರ್ಷ ಅಕ್ಷರ ಕೂರಿಸೋದನ್ನೇ ಕಸುಬು ಮಾಡ್ಕೊಂಡೋನು ನಾನು. ಓದುವ ಒಂದೇ ಒಂದು ಅಕ್ಷರವನ್ನೂ ಜಾಲದಲ್ಲಿ ಬಿಟ್ಟಿಲ್ಲ. ನಾಚಿಕೆ ಆಯ್ತು.

ಯೂನಿಕೋಡಿನಲ್ಲಿ ಕನ್ನಡ ೧೯೯೧ರ ಮೊದಲ ಆವೃತ್ತಿಯಿಂದಲೂ ಇದೆ. ೨೦೦೧ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟು ಬಂತು, ನೀವೆಲ್ಲಾ ಬ್ಲಾಗು ಶುರು ಮಾಡಿದ್ರಿ. ಡಿಟಿಪಿ ಅಂಗಡಿ ಮಾತ್ರ ಅಲ್ಲೇ ಉಳೀತು. ಒಂದು ಕಾಲಕ್ಕೆ ಕಾರಣ ಇತ್ತು, ಒಪ್ತೀನಿ. ಪೇಜ್‌ಮೇಕರಿನಲ್ಲಿ, ಹಳೇ ಕೋರೆಲ್ಲಿನಲ್ಲಿ ಯೂನಿಕೋಡ್ ಹಾಕಿದ್ರೆ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿ ಆಗ್ತಿತ್ತು. ಆದರೆ ೨೦೧೨ರಲ್ಲಿ ಬಂದ ಕೋರೆಲ್ ಎಕ್ಸ್‌೬ರಲ್ಲೇ ನಮ್ಮ ಲಿಪಿಗಳಿಗೆ ಬೆಂಬಲ ಬಂತು. ಇಂಕ್‌ಸ್ಕೇಪ್ ಪುಕ್ಕಟೆ. ನೋಟೋ, ಬಾಲೂ ತಮ್ಮ, ಗುಬ್ಬಿ, ನವಿಲು ಫಾಂಟುಗಳೂ ಪುಕ್ಕಟೆ. ಇನ್ನೂ ನೆಪ ಹೇಳೋದು ಸೋಮಾರಿತನ ಅಷ್ಟೆ.

"ನಮ್ಮ ಗಿರಾಕಿ ಗೂಗಲ್ ನೋಡ್ಕೊಂಡು ಬರ್ತಾನಾ? ಬಸ್‌ಸ್ಟ್ಯಾಂಡಿನಿಂದ ನಡ್ಕೊಂಡು ಬರ್ತಾನೆ" ಅಂತಾರೆ ನನ್ನ ಕಸುಬಿನವರು. ನಿಜ, ನಡೆದು ಬರೋನು ಬರ್ತಾನೆ. ಬೆಂಗಳೂರಿನಲ್ಲಿ ಕೂತು ಊರಿನ ಮದುವೆಗೆ ಪತ್ರಿಕೆ ಮಾಡಿಸೋನು ಹೇಗೆ ಬರ್ತಾನೆ? ಕುದಾಪುರದ ಐಐಎಸ್ಸಿ ಕ್ಯಾಂಪಸ್ಸಿಗೆ ಬಂದು, ಒಂದು ಬೋರ್ಡು ಮಾಡಿಸ್ಬೇಕು ಅನ್ನೋ ಹೊಸಬ ಯಾರನ್ನ ಕೇಳ್ತಾನೆ? ಅವನು ಮೊಬೈಲನ್ನೇ ಕೇಳೋದು.

ನಮ್ಮ ಸೀಮೆಯ ಮೊದಲ ಅಕ್ಷರದ ಕಸುಬುದಾರನ ವಿಷಯ ನಿಮಗೆ ಗೊತ್ತಿರಬಹುದು. ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರ, ಅಶೋಕನ ಈ ಮೂರೂ ಶಾಸನಗಳು ಮೊಳಕಾಲ್ಮೂರು ತಾಲ್ಲೂಕಿನವು. ೧೮೯೦ರ ದಶಕದಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚಿದ್ದು. ಬರೆದವನು ಚಪಡ. ಚಕ್ರವರ್ತಿಯ ಮಾತು ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ತನ್ನ ಹೆಸರು ಹಾಕಿ, 'ಲಿಪಿಕಾರ' ಅನ್ನೋದನ್ನ ಮಾತ್ರ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಅಶೋಕನ ಆಜ್ಞೆಯ ಕೆಳಗೇ ತನ್ನ ಹೆಸರು ಹಾಕ್ಕೊಂಡ ಪುಣ್ಯಾತ್ಮ! ನಾವು? ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸಿನ ಮೂಲೆಯಲ್ಲಿ ಅಂಗಡಿ ಹೆಸರು ಹಾಕೋಕೂ "ಏನಂದ್ಕೋತಾರೋ" ಅಂತೀವಿ. ಆ ಬ್ರಾಹ್ಮಿಯನ್ನೂ ಜನ ಮರೆತು, ೧೮೩೭ರಲ್ಲಿ ಪ್ರಿನ್ಸೆಪ್ ಬಿಡಿಸೋವರೆಗೆ ಅಶೋಕನ ಶಾಸನಗಳು ಎಲ್ಲಿದ್ರೂ ಬರೀ ಗೀರು. ನಮ್ಮ ಹಳೇ ಫಾಂಟಿನ ಫೈಲುಗಳು ಇಪ್ಪತ್ತೇ ವರ್ಷಕ್ಕೆ ಆ ಗತಿಗೆ ಬಂದಿವೆ.

ಈಗ ನಾನು ಮಾಡ್ತಿರೋದು ಇಷ್ಟು. ಗೂಗಲ್ ಬಿಸಿನೆಸ್ ಪ್ರೊಫೈಲಿನಲ್ಲಿ ಅಂಗಡಿಯ ವಿಳಾಸ, ಟೈಮು, ಮಾಡುವ ಕೆಲಸ ಎಲ್ಲಾ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆ. ಕಾಸು ಖರ್ಚಿಲ್ಲ. ಆದರೆ ಅದನ್ನೇ ಪೂರ್ತಿ ನಂಬಿಲ್ಲ. ಗೂಗಲ್ ಅಲ್ಲೇ ಪುಕ್ಕಟೆ ಕೊಟ್ಟಿದ್ದ ವೆಬ್‌ಸೈಟುಗಳನ್ನು ೨೦೨೪ರ ಮಾರ್ಚಿನಲ್ಲಿ ಮುಚ್ಚಿಬಿಡ್ತು. ಅದಕ್ಕೇ ಸ್ವಂತ ಹೆಸರಿನದೊಂದು ಸಣ್ಣ ಸೈಟು. ಮಾಡಿದ ಕೆಲಸದ ಫೋಟೋ, ಕೆಳಗೆ ನಾಲ್ಕು ಸಾಲು ಯೂನಿಕೋಡ್ ಕನ್ನಡ: ಯಾರಿಗೆ, ಯಾಕೆ, ಈ ಬಣ್ಣ ಯಾಕೆ ಅಂತ. ಮೊಳಕಾಲ್ಮೂರನ್ನ ಇಂಗ್ಲಿಷಿನಲ್ಲಿ ಕೊನೆಗೆ ಒಂದು 'ಯು' ಹಾಕಿ ಬರೆಯೋರಿದ್ದಾರೆ, ಎರಡು 'ಓ' ಹಾಕೋರೂ ಇದ್ದಾರೆ. ಎರಡನ್ನೂ ಬರೆದೆ. ಆ ನೇಕಾರರಿಗೂ ಹಾಗೇ ಒಂದು ಪುಟ ಮಾಡಿಕೊಟ್ಟೆ, ಡಿಸೈನಿಗೆ ಬೇರೆ ಬಿಲ್ಲು ಬರೆದೆ. ಬೈಕೊಳ್ಳದೆ ಕೊಟ್ರು! ರಿವ್ಯೂ ದುಡ್ಡು ಕೊಟ್ಟು ಬರೆಸಲ್ಲ, ಬಂದ ಗಿರಾಕಿಯನ್ನೇ ಕೇಳ್ತೀನಿ. ಮೊದಲ ಪುಟಕ್ಕೆ ಬಂದ್ನಾ? ಇನ್ನೂ ಇಲ್ಲ. ಆದರೆ ಹುಡುಕೋನಿಗೆ ಸಿಗೋಕೆ ಈಗ ಏನಾದ್ರೂ ಇದೆ.

ಕೊನೆಗೆ ನಿಮ್ಮ ಸರದಿ, ಬ್ಲಾಗಿಗ ಗೆಳೆಯರೇ. ಊರೂರಿನ ಫ್ಲೆಕ್ಸುಗಳಲ್ಲಿ "ಹಾರ್ದಿಕ"ಕ್ಕೆ "ಆರ್ದಿಕ" ಅಂತ ಬರೆದಿದ್ದನ್ನ ಫೋಟೋ ಹೊಡೆದು ಹಾಕಿ ಎಷ್ಟು ನಕ್ಕಿದ್ದೀರಿ! ನಾನೂ ನಕ್ಕಿದ್ದೀನಿ. ಆದ್ರೆ ಯೂನಿಕೋಡ್ ವಿದ್ಯೆ ಇಪ್ಪತ್ತು ವರ್ಷ ನಿಮ್ಮ ಕೈಲಿತ್ತು. ಅದು ನಿಮ್ಮ ಬ್ಲಾಗಿನಿಂದ ನಿಮ್ಮೂರಿನ ಡಿಟಿಪಿ ಅಂಗಡಿಯ ಮೆಟ್ಟಿಲು ಹತ್ತಲೇ ಇಲ್ಲ. ಸಮ್ಮೇಳನದಲ್ಲಿ ಕನ್ನಡ ಉಳಿಸೋಣ ಅಂತ ಭಾಷಣ ಆಯ್ತು, ಆ ಸಮ್ಮೇಳನದ ಬ್ಯಾನರ್ ಹೊಡೆದ ಹುಡುಗನ ಕಂಪ್ಯೂಟರಿನಲ್ಲಿ ಕನ್ನಡವೇ ಇರಲಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಒಂದು ಪೆನ್‌ಡ್ರೈವಿನಲ್ಲಿ ನಾಲ್ಕು ಫಾಂಟು ಹಾಕ್ಕೊಂಡು ಹೋಗಿ. ಪರಿಚಯದ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ಟೈಪ್ ಮಾಡಿ ತೋರಿಸಿ. ಟೀ ಅವನೇ ಕುಡಿಸ್ತಾನೆ. ಚಳ್ಳಕೆರೆಗೆ ಬಂದ್ರೆ ನಾನು ಕುಡಿಸ್ತೀನಿ.

ಏನಂತೀರಿ? ಬೈಯೋದಿದ್ರೆ ಕೆಳಗೆ ಬೈಯಿರಿ. ಯೂನಿಕೋಡಲ್ಲಿ ಮಾತ್ರ :-)