ಸ್ಕಾಲರ್‌ಷಿಪ್ ಕೊಡದೆ ಸಮಾಧಾನ ಹೇಳುವವರು

ಕಾಲೇಜುಗಳಲ್ಲಿ ಈಗ ಮನಸ್ಸಿನ ಆರೋಗ್ಯದ ಮಾತು ಜೋರಾಗಿದೆ. ಅಕ್ಟೋಬರ್ 10 ಬಂತೆಂದರೆ ಬ್ಯಾನರ್ ಕಟ್ಟುತ್ತಾರೆ. ಪಟ್ಟಣದಿಂದ ಬಂದ ಭಾಷಣಕಾರರು 'ಒಳ್ಳೇದನ್ನೇ ಯೋಚನೆ ಮಾಡ್ರಪ್ಪಾ, ಜೋರಾಗಿ ಉಸಿರು ಎಳೆದು ಬಿಡಿ' ಅಂತಾರೆ. ಹಿಂದಿನ ಬೆಂಚಿನ ನಮ್ಮ ಹುಡುಗ ಎಳೆದು ಬಿಡುತ್ತಾನೆ. ಸ್ಕಾಲರ್‌ಷಿಪ್ ಬಂದಿಲ್ಲ. ಮೆಸ್ ಬಾಕಿ ಇದೆ. ಪರೀಕ್ಷೆ ಫೀಸಿಗೆ ಅವ್ವ ಯಾರ ಹತ್ತಿರ ಬಡ್ಡಿಗೆ ತಂದಳೋ. ಎಷ್ಟು ಉಸಿರು ಎಳೆದರೆ ಇದು ತೀರುತ್ತದೆ ಸ್ವಾಮಿ?

ರೋಗವನ್ನು ಇವರು ಹುಡುಗನ ತಲೆಯೊಳಗೇ ಹುಡುಕುತ್ತಾರೆ. ಕಾಲೇಜಿನ ಆಫೀಸಿನೊಳಗೆ ಹುಡುಕುವುದಿಲ್ಲ.

ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯವನ್ನು ನೆನೆಯಿರಿ. ರೋಹಿತ್ ವೇಮುಲನಿಗೆ ಬರಬೇಕಾದ ಫೆಲೋಶಿಪ್ ತಿಂಗಳಿಗೆ 25,000 ರೂಪಾಯಿ. 2015ರ ಜುಲೈಯಿಂದ ಅದು ನಿಂತಿತು. ಆಡಳಿತಕ್ಕೆ ಅದು ಕಾಗದಪತ್ರದ ವಿಳಂಬ. ಹುಡುಗನಿಗೆ ಅನ್ನ. ಆಮೇಲೆ ಅವನೂ ಸೇರಿ ಐವರನ್ನು ಹಾಸ್ಟೆಲಿನಿಂದ ಹೊರಹಾಕಿದರು. ಚಳಿಯಲ್ಲಿ, ಕ್ಯಾಂಪಸ್ಸಿನ ಬಯಲಲ್ಲಿ, ಅಂಬೇಡ್ಕರರ ಪಟದ ಜೊತೆ ಅವರು ಮಲಗಿದರು. ಆ ಜಾಗಕ್ಕೆ 'ವೆಲಿವಾಡ' ಎಂದು ಹೆಸರಿಟ್ಟರು. ನಮ್ಮ ಮಾತಿನಲ್ಲಿ ಹೊಲಗೇರಿ. ಪಿಎಚ್‌.ಡಿ. ಮಾಡಲು ಹೋದವರಿಗೂ ಊರಾಚೆಯ ಕೇರಿಯೇ! 2016ರ ಜನವರಿ 17ರಂದು ರೋಹಿತ್ ಜೀವ ಕಳೆದುಕೊಂಡ. ಬರಬೇಕಿದ್ದ ಬಾಕಿಯ ಲೆಕ್ಕವನ್ನು ಕೊನೆಯ ಕಾಗದದಲ್ಲೂ ಬರೆಯಬೇಕಾಯಿತು. ಈ ಹುಡುಗನಿಗೆ ಕೌನ್ಸೆಲಿಂಗ್ ಬೇಕಿತ್ತು ಎನ್ನುವವರು, ಫೆಲೋಶಿಪ್ ನಿಲ್ಲಿಸಿದವರಿಗೆ ಏನು ಬೇಕಿತ್ತು ಅಂತಲೂ ಹೇಳಲಿ.

ಇದೆಲ್ಲ ಗೊತ್ತಿಲ್ಲದ್ದೇನಲ್ಲ. ದೆಹಲಿಯ ಏಮ್ಸ್‌ನ ಜಾತಿ ಕಿರುಕುಳದ ಬಗ್ಗೆ ಥೋರಟ್ ಸಮಿತಿ 2007ರಲ್ಲೇ ವರದಿ ಕೊಟ್ಟಿತು. 2012ರಲ್ಲಿ ಯುಜಿಸಿ ನಿಯಮ ಮಾಡಿತು: ಸಮಾನ ಅವಕಾಶ ಘಟಕ ಇರಬೇಕು, ತಾರತಮ್ಯ ವಿರೋಧಿ ಅಧಿಕಾರಿ ಇರಬೇಕು. ನಿಯಮ ಫೈಲಿನಲ್ಲಿ ಮಲಗಿತು. 2019ರ ಮೇನಲ್ಲಿ ಮುಂಬಯಿಯ ಆದಿವಾಸಿ ವೈದ್ಯೆ ಪಾಯಲ್ ತಡ್ವಿ ಹೋದಳು. ಅದೇ ವರ್ಷ ಇಬ್ಬರು ತಾಯಂದಿರು, ರಾಧಿಕಾ ವೇಮುಲ ಮತ್ತು ಆಬೇದಾ ತಡ್ವಿ, ಆ ನಿಯಮ ಜಾರಿ ಮಾಡಿ ಅಂತ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಮಕ್ಕಳನ್ನು ಕಳೆದುಕೊಂಡವರೇ ಸರ್ಕಾರಕ್ಕೆ ಅದರ ನಿಯಮ ಓದಿ ಹೇಳಬೇಕು.

ಇನ್ನು ನಮ್ಮವರ ಮಾತು. ಖಿನ್ನತೆ ಅಂದರೆ ಉಳ್ಳವರ ಕಾಯಿಲೆ, ಹೋರಾಟಗಾರ ಅಳಬಾರದು ಎನ್ನುವ ಗೆಳೆಯರು ನಮ್ಮಲ್ಲೂ ಇದ್ದಾರೆ. ಇದು ಬರೀ ಗಂಡಸುತನದ ಜಂಬ. ಅವಮಾನ ಉಂಡ ಮನಸ್ಸಿಗೆ ಗಾಯವಾಗುತ್ತದೆ. ಗಾಯಕ್ಕೆ ಮದ್ದೂ ಬೇಕು, ನ್ಯಾಯವೂ ಬೇಕು. ಹುಡುಗಿಯೊಬ್ಬಳು ವಾರಗಟ್ಟಲೆ ನಿದ್ದೆ ಮಾಡುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕು ಸಾಕು ಅಂತಾಳೆ ಅಂದರೆ ಮೇಷ್ಟ್ರೇ, ಬುದ್ಧಿ ಹೇಳಬೇಡಿ. ಪಕ್ಕದಲ್ಲಿ ಕೂತು ಕೇಳಿ, ಒಂಟಿಯಾಗಿ ಬಿಡಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್‌ನವರು ಪುಕ್ಕಟೆಯಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರು ಹಾಸ್ಟೆಲಿನ ಗೋಡೆ ಮೇಲೆ ದಪ್ಪಕ್ಷರದಲ್ಲಿ ಇರಲಿ.

ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ತರಬೇತಾದ ಒಬ್ಬ ಕೌನ್ಸೆಲರ್ ಆದರೂ ಇರಬೇಕೆಂದು ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಹೇಳಿದೆ. ಬರಲಿ. ಆದರೆ ಬಂದವರು ಪ್ರಿನ್ಸಿಪಾಲರ ಕಿವಿಯಾಗಬಾರದು. 'ಕೋಟಾದವರು' ಎಂದು ಕ್ಲಾಸಿನಲ್ಲಿ ಕರೆಸಿಕೊಂಡವನ ಸಂಕಟವನ್ನು 'ಕೀಳರಿಮೆ' ಎಂದು ಬರೆದು ಫೈಲು ಮುಚ್ಚಬಾರದು.

ವಿದ್ಯಾರ್ಥಿ ಗೆಳೆಯರೇ, ನಾಲ್ಕು ಜನ ಸೇರಿ ನಾಳೆಯೇ ಆಫೀಸಿಗೆ ಹೋಗಿ. ತಾರತಮ್ಯ ವಿರೋಧಿ ಅಧಿಕಾರಿ ಯಾರು? ಕೌನ್ಸೆಲರ್ ಯಾವಾಗ ಬರ್ತಾರೆ? ಸ್ಕಾಲರ್‌ಷಿಪ್ ಯಾವ ಟೇಬಲ್ಲಿನ ಮೇಲೆ ನಿಂತಿದೆ? ಉತ್ತರವನ್ನು ಬಾಯಲ್ಲಿ ಒಪ್ಪಬೇಡಿ, ಸೀಲು ಹಾಕಿಸಿ ಬರೆಸಿಕೊಂಡು ಬನ್ನಿ.