‘ಸ್ವತಂತ್ರ’ ಎಐ ಗ್ಯಾಜೆಟ್: ಹೆಸರಿಗೆ ಮಾತ್ರ ಸ್ವತಂತ್ರ

1/6
ಎದೆಗೆ ಸಿಕ್ಕಿಸ್ಕೊಳ್ಳೋ ಪಿನ್, ಕೊರಳಿಗೆ ಹಾಕೋ ಪೆಂಡೆಂಟ್, ಅಂಗೈಯಷ್ಟೇ ಇರೋ ಕಿತ್ತಳೆ ಬಣ್ಣದ ಡಬ್ಬಿ. ರೀಲ್ಸ್ ತೆರೆದ್ರೆ ಇವೇ. ‘ಇನ್ಮೇಲೆ ಫೋನ್ ಬೇಡ, ಎಐ ಇದೆ’ ಅನ್ನೋದು ಎಲ್ಲದರ ಪಲ್ಲವಿ. ಶಿಕಾರಿಪುರ, ಸೊರಬದ ಕಡೆಯ ತುಂಬಾ ಜನ ಕೇಳ್ತಿದ್ದೀರಿ, ‘ತಗೋಬಹುದಾ?’ ಅಂತ. ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ: ಈಗ ಬೇಡ. ಯಾಕೆ ಅಂತ ಕೊನೇವರೆಗೆ ಓದಿ, ಆಮೇಲೆ ಜಗಳ ಆಡಿ. 🙂

2/6
ಮೊದಲು ಹ್ಯೂಮೇನ್ ಎಐ ಪಿನ್ ಕತೆ. ಆಪಲ್‌ನಲ್ಲಿ ಕೆಲಸ ಮಾಡಿದ್ದ ಇಮ್ರಾನ್ ಚೌಧರಿ ಮತ್ತು ಬೆಥನಿ ಬೊಂಜೋರ್ನೊ ಕಟ್ಟಿದ ಕಂಪನಿ. 2024ರ ಏಪ್ರಿಲ್‌ನಲ್ಲಿ ಪಿನ್ ಜನರ ಕೈ ಸೇರಿತು. ಬೆಲೆ 699 ಡಾಲರ್, ಅಂದ್ರೆ ಆಗಿನ ಲೆಕ್ಕದಲ್ಲಿ ಸುಮಾರು 58,000 ರೂಪಾಯಿ. ಅದರ ಮೇಲೆ ಪ್ರತಿ ತಿಂಗಳು 24 ಡಾಲರ್ ಬಾಡಿಗೆ ಬೇರೆ. ಅಂಗೈ ಮೇಲೆ ಲೇಸರ್‌ನಲ್ಲಿ ಅಕ್ಷರ ಮೂಡಿಸುತ್ತೆ ಅಂತ ಎಲ್ಲರೂ ಬಾಯಿ ಬಿಟ್ಟು ನೋಡಿದ್ರು. ಬಳಸಿದವರು ಹೇಳಿದ್ದೇ ಬೇರೆ: ಉತ್ತರ ನಿಧಾನ, ಎಷ್ಟೋ ಸಲ ತಪ್ಪು, ಮೈ ಬಿಸಿ.

ವರ್ಷ ತುಂಬೋದ್ರೊಳಗೆ, 2025ರ ಫೆಬ್ರವರಿಯಲ್ಲಿ, ಕಂಪನಿಯ ಆಸ್ತಿಯನ್ನ ಎಚ್‌ಪಿ 11.6 ಕೋಟಿ ಡಾಲರ್‌ಗೆ ಕೊಂಡಿತು. ಫೆಬ್ರವರಿ 28ಕ್ಕೆ ಸರ್ವರ್ ಬಂದ್. ಆಮೇಲೆ ಪಿನ್‌ನಲ್ಲಿ ಏನು ಕೆಲಸ ಮಾಡುತ್ತೆ ಅಂತ ಕಂಪನಿಯೇ ಕೊಟ್ಟ ಉದಾಹರಣೆ ಗೊತ್ತಾ? ಬ್ಯಾಟರಿ ಎಷ್ಟಿದೆ ಅಂತ ನೋಡಬಹುದು! ಕೊನೆಯ ಮೂರು ತಿಂಗಳಲ್ಲಿ ಕೊಂಡವರಿಗೆ ಮಾತ್ರ ದುಡ್ಡು ವಾಪಸ್. ಮೊದಲೇ ನಂಬಿ ಕೊಂಡವರಿಗೆ ಏನೂ ಇಲ್ಲ.

3/6
ಆ ಕಿತ್ತಳೆ ಡಬ್ಬಿಯೇ ರ್‍ಯಾಬಿಟ್ ಆರ್1. ಬೆಲೆ 199 ಡಾಲರ್. ಅದು ಬಂದ ಕೆಲವೇ ದಿನಗಳಲ್ಲಿ ಅದರೊಳಗಿನ ಸಾಫ್ಟ್‌ವೇರನ್ನ ಒಂದು ಸಾಮಾನ್ಯ ಆಂಡ್ರಾಯ್ಡ್ ಫೋನಿನಲ್ಲಿ ಓಡಿಸಿ ತೋರಿಸಿದ್ರು. ಕಂಪನಿ ಕೊಟ್ಟ ಸಮಜಾಯಿಷಿ: ಇದು ಬರೀ ಆ್ಯಪ್ ಅಲ್ಲ, ನಮ್ಮ ಎಐ ಇರೋದು ಕ್ಲೌಡ್‌ನಲ್ಲಿ. ಆಮೇಲೆ ಅಪ್‌ಡೇಟ್ ಕೊಟ್ಟು ಸುಧಾರಿಸಿದ್ದಾರೆ, ಅದನ್ನೂ ಒಪ್ಪೋಣ. ಆದ್ರೆ ಆ ಸಮಜಾಯಿಷಿಯಲ್ಲೇ ವಿಷಯ ಇದೆ. ಮೆದುಳು ಕ್ಲೌಡ್‌ನಲ್ಲಿದ್ರೆ ನಮ್ಮ ಕೈಯಲ್ಲಿರೋದು ಏನು? ಒಂದು ಮೈಕು, ಒಂದು ಸ್ಪೀಕರು, ಒಂದು ಚಂದದ ಡಬ್ಬಿ.

4/6
ನಮ್ಮ ಕಡೆಯ ಅಡಿಕೆ ಸುಲಿಯೋ ಮಷಿನ್ ನೆನಪಿಸ್ಕೊಳ್ಳಿ. ಮಾಡಿದ ಕಂಪನಿ ನಾಳೆ ಬಾಗಿಲು ಹಾಕಿದ್ರೂ ಅದು ಸುಲಿಯುತ್ತೆ. ಬೆಲ್ಟ್ ಹರಿದ್ರೆ ಹತ್ತಿರದ ಪೇಟೆಯಲ್ಲೇ ರಿಪೇರಿ. ಸ್ವತಂತ್ರ ಅಂದ್ರೆ ಅದು. ಸ್ವತಂತ್ರ ಅಂತ ಹೇಳಿ ಮಾರೋ ಎಐ ಗ್ಯಾಜೆಟ್ಟೇ ಎಲ್ಲಕ್ಕಿಂತ ಪರಾವಲಂಬಿ. ನೆಟ್ ಬೇಕು, ಸರ್ವರ್ ಬೇಕು, ಕಂಪನಿ ಬದುಕಿರಬೇಕು. ಮಳೆಗಾಲದಲ್ಲಿ ಚಂದ್ರಗುತ್ತಿ ಕಡೆ ಕರೆಂಟ್ ಹೋಗಿ, ಹಿಂದೇನೇ ಟವರೂ ಹೋಯ್ತು ಅಂದ್ಕೊಳ್ಳಿ. ಆಗ ಅದು ಎದೆ ಮೇಲಿನ ಒಂದು ಬ್ಯಾಡ್ಜ್ ಅಷ್ಟೇ.

‘ಫೋನಿನ ಎಐ ಕೂಡ ಕ್ಲೌಡ್‌ನಲ್ಲೇ ಅಲ್ವಾ?’ ಅಂತ ಕೇಳ್ತೀರಿ. ಸರಿಯಾದ ಪ್ರಶ್ನೆ. ಆದ್ರೆ ಒಂದು ಆ್ಯಪ್ ಸತ್ತರೆ ಫೋನಲ್ಲಿ ಇನ್ನೊಂದು ಹಾಕ್ಕೋಬಹುದು. ಕ್ಯಾಮೆರಾ ಇರುತ್ತೆ, ಟಾರ್ಚ್ ಇರುತ್ತೆ, ಡೌನ್‌ಲೋಡ್ ಮಾಡಿಟ್ಟ ನೋಟ್ಸ್ ಇರುತ್ತೆ. ಪಿನ್ ಸತ್ತರೆ ಎಲ್ಲಾ ಸತ್ತ ಹಾಗೆ.

5/6
ಫೋನಿಗೆ ಸೋತ ಗ್ಯಾಜೆಟ್ ನಮ್ಮ ರಾಜ್ಯದಲ್ಲೇ ಒಂದಿದೆ, ಗೊತ್ತಾ? ಹೆಸರು ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮುಂತಾದವರು ಸೇರಿ ರೂಪಿಸಿದ ಕೈಗಂಪ್ಯೂಟರ್. 2001ರಲ್ಲಿ ಜಗತ್ತೇ ಹೊಗಳಿತು, 2004ರಲ್ಲಿ ‘ಅಮಿಡಾ’ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಓದೋಕೆ ಬಾರದವರಿಗೆ ಕನ್ನಡದಲ್ಲಿ ಓದಿ ಹೇಳೋ ವ್ಯವಸ್ಥೆ, ಇಡೀ ಊರಿಗೆ ಒಂದೇ ಯಂತ್ರ ಸಾಕಾಗೋ ಹಾಗೆ ಸ್ಮಾರ್ಟ್ ಕಾರ್ಡ್, ಎಲ್ಲಾ ಯೋಚಿಸಿದ್ರು. ಆದ್ರೂ 50,000 ಮಾರೋ ಗುರಿಯ ಎದುರು ಹೋಗಿದ್ದು ಸುಮಾರು 4,000. ಅಷ್ಟೊತ್ತಿಗೆ ಅಗ್ಗದ ಮೊಬೈಲ್ ಮನೆಮನೆಗೂ ಬರ್ತಿತ್ತು.

ಸಿಂಪ್ಯೂಟರ್ ಸೋತಿರಬಹುದು, ಆದ್ರೆ ಅದು ಕೇಳಿದ ಪ್ರಶ್ನೆ ಸರಿಯಿತ್ತು: ಹಳ್ಳಿಯವರಿಗೆ ಏನು ಬೇಕು, ಯಾವ ಭಾಷೆಯಲ್ಲಿ ಬೇಕು? ಈಗಿನ ಪಿನ್‌ಗಳು ಕೇಳೋದು: ಫೋನಿನ ಬದಲು ಇನ್ನೇನು ಮಾರಬಹುದು?

6/6
ಹಾಗಂತ ಎಲ್ಲಾ ದಂಡ ಅನ್ನಲ್ಲ. 2025ರ ಮೇ ತಿಂಗಳಲ್ಲಿ ಭಾರತಕ್ಕೆ ಬಂದ ರೇ-ಬ್ಯಾನ್ ಮೆಟಾ ಕನ್ನಡಕ (ಆರಂಭದ ಬೆಲೆ 29,900 ರೂ.) ಎದುರಿಗೆ ಏನಿದೆ ಅಂತ ಮಾತಲ್ಲಿ ಹೇಳಬಲ್ಲದು. ಕಣ್ಣು ಕಾಣದವರಿಗೆ ಅದು ಶೋಕಿ ಅಲ್ಲ, ಅನುಕೂಲ. ಅದೂ ಫೋನಿಗೆ ಜೋಡಿಸ್ಕೊಂಡೇ ಕೆಲಸ ಮಾಡುತ್ತೆ, ‘ಫೋನ್ ಬಿಸಾಕಿ’ ಅನ್ನಲ್ಲ.

ಹೈಪ್ ಇನ್ನೂ ಮುಗಿದಿಲ್ಲ. ಐಫೋನ್ ವಿನ್ಯಾಸ ಮಾಡಿದ ಜೋನಿ ಐವ್ ಅವರ ಹೊಸ ಕಂಪನಿಯನ್ನ 2025ರಲ್ಲಿ ಓಪನ್‌ಎಐ ಸುಮಾರು 650 ಕೋಟಿ ಡಾಲರ್‌ಗೆ ಕೊಂಡಿದೆ. ಇನ್ನೂ ಚಂದದ ಡಬ್ಬಿಗಳು ಬರ್ತವೆ. ಆಗ ಮೂರು ಪ್ರಶ್ನೆ ಕೇಳಿ:

▪️ ನೆಟ್ ಇಲ್ಲದಾಗ ಇದು ಏನು ಮಾಡುತ್ತೆ?
▪️ ಕಂಪನಿ ಮುಚ್ಚಿದ ಮರುದಿನ ಇದು ಏನು ಮಾಡುತ್ತೆ?
▪️ ನಮ್ಮ ಮಾತು ಇದಕ್ಕೆ ಅರ್ಥ ಆಗುತ್ತಾ? ಪುಸ್ತಕದ ಕನ್ನಡ ಅಲ್ಲ. ಶಿರಾಳಕೊಪ್ಪದಲ್ಲಿ ಬಸ್ ಬದಲಿಸುವಾಗ ಕಿವಿಗೆ ಬೀಳುತ್ತಲ್ಲ ಕನ್ನಡ, ಉರ್ದು, ಲಂಬಾಣಿ, ಆ ಮಾತು. ಕೀಬೋರ್ಡೇ ಇಲ್ಲದ ಯಂತ್ರಕ್ಕೆ ಕಿವಿಯಾದ್ರೂ ಸರಿಯಾಗಿರಬೇಕಲ್ವಾ?

ಮೂರಕ್ಕೂ ಉತ್ತರ ಸಿಕ್ಕರೆ ಧಾರಾಳವಾಗಿ ತಗೊಳ್ಳಿ. ಸಿಗದಿದ್ರೆ, ಜೋಳ, ಶುಂಠಿ ಮಾರಿ ಬಂದ ಮನೆಯ ದುಡ್ಡಲ್ಲಿ ಅಮೆರಿಕದ ಕಂಪನಿಯ ಪ್ರಯೋಗಕ್ಕೆ ನಾವ್ಯಾಕೆ ಬಂಡವಾಳ ಹಾಕ್ಬೇಕು?

ಒಪ್ಪದಿದ್ರೆ ಕಾಮೆಂಟಲ್ಲಿ ಹೇಳಿ. ನಿಮ್ಮ ಫೋನ್ ಮಾಡೋಕೆ ಆಗದ ಯಾವ ಕೆಲಸವನ್ನ ಇಂಥ ಗ್ಯಾಜೆಟ್ ಮಾಡಬೇಕು? ಒಂದೇ ಒಂದು ಬರೀರಿ. 👇

#ಶಿಕಾರಿಪುರ #ಸೊರಬ #ಎಐ_ಗ್ಯಾಜೆಟ್ #ಕನ್ನಡದಲ್ಲಿ_ಟೆಕ್