ನಿಲ್ಲಬಾರದ ಯಂತ್ರ

‘ಸರ್ವರ್’ ಎಂಬ ಶಬ್ದ ನಮ್ಮ ಪೇಟೆಗಳಿಗೆ ಹೊಸದಲ್ಲ. ಹೋಟೆಲಿನಲ್ಲಿ ದೋಸೆ ತಂದಿಡುವಾತನನ್ನು ಜನ ಬಹುಕಾಲದಿಂದ ಇದೇ ಹೆಸರಿನಿಂದ ಕರೆದಿದ್ದಾರೆ. ಆತ ಒಂದು ದಿನ ಬಾರದಿದ್ದರೆ ಮಾಲೀಕನೇ ಪಂಚೆ ಎತ್ತಿ ಕಟ್ಟಿ ತಟ್ಟೆ ಹಿಡಿದು ಬರುತ್ತಾನೆ, ಊಟಕ್ಕೆ ಭಂಗವಿಲ್ಲ. ಅದೇ ಹೆಸರು ಹೊತ್ತು ತಾಲ್ಲೂಕು ಕಚೇರಿಗೂ ಬ್ಯಾಂಕಿಗೂ ಮಾರುಕಟ್ಟೆಗೂ ಬಂದಿರುವ ಯಂತ್ರದ ಸಂಗತಿ ಬೇರೆ. ಎಲ್ಲರ ಲೆಕ್ಕವನ್ನೂ ತನ್ನಲ್ಲಿ ಕಾದಿಟ್ಟು, ಕೇಳಿದವರಿಗೆ ಕೇಳಿದ್ದನ್ನು ಒದಗಿಸುವ ಗಣಕಯಂತ್ರವದು. “ಸರ್ವರ್ ಇಲ್ಲ, ನಾಳೆ ಬನ್ನಿ” ಎಂಬ ಮಾತನ್ನು ಒಮ್ಮೆಯೂ ಕೇಳದ ರೈತ ವಿರಳ.

ಆ ಮಾತಿಗೆ ತೆರಬೇಕಾದ ಬೆಲೆಯೆಷ್ಟು ಎಂಬುದನ್ನು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅರಿಯಬಹುದು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ ಅದು ಎರಡು ಮೂರು ದಿನಗಳಲ್ಲಿ ಗೂಡು ಕಟ್ಟಿ ಮುಗಿಸುತ್ತದೆ; ಅನಂತರ ಕೆಲವೇ ದಿನಗಳಲ್ಲಿ ರೈತ ಗೂಡು ಬಿಡಿಸುತ್ತಾನೆ. ಒಳಗಿರುವ ಹುಳು ಇನ್ನೂ ಜೀವಂತ. ದಿನ ಕಳೆದಂತೆ ಗೂಡಿನ ತೂಕ ಇಳಿಯುತ್ತದೆ. ಇನ್ನೂ ತಡವಾದರೆ ಚಿಟ್ಟೆಯು ಗೂಡನ್ನು ತೂತುಮಾಡಿಕೊಂಡು ಹೊರಬೀಳುತ್ತದೆ. ಎಳೆ ಕಡಿದುಹೋದ ಆ ಗೂಡಿನಿಂದ ನೂಲು ಬಿಚ್ಚಲಾಗದು. ಬಿಸಿಗಾಳಿಯಿಂದ ಹುಳುವನ್ನು ಕೊಂದು ಗೂಡನ್ನು ಕಾಪಿಡುವ ಅನುಕೂಲ ಸಾಮಾನ್ಯ ರೈತನ ಮನೆಯಲ್ಲಿ ಇಲ್ಲ. ಇಂತಹ ಸರಕನ್ನು ಹೊತ್ತು ತಂದವನಿಗೆ ಹರಾಜೆಂಬುದು ಆ ದಿನದ ಕೆಲವೇ ಗಂಟೆಗಳ ವ್ಯವಹಾರ. ಬಾಯಿಮಾತಿನ ಹರಾಜಿನ ಸ್ಥಾನಕ್ಕೆ ಇ-ಹರಾಜು ಬಂದ ಮೇಲೆ ರೀಲರು ಕೂಗುವ ಬದಲು ಬೆಲೆಯನ್ನು ಗುಂಡಿಯೊತ್ತಿ ತಿಳಿಸುತ್ತಾರೆ. ಗುಟ್ಟಿನ ಹೊಂದಾಣಿಕೆಗೆ ಎಡೆ ಕಡಮೆಯಾಯಿತೆಂಬುದು ಲಾಭವೇ. ಆದರೆ ಆ ಗಂಟೆಗಳ ನಡುವೆ ಯಂತ್ರ ಮೌನ ತಾಳಿದರೆ, ರೈತ ಕಾದಾನು, ರೀಲರೂ ಕಾದಾರು, ಗೂಡು ಕಾಯುವುದಿಲ್ಲ.

ಯಂತ್ರ ಮಾರುವವರು ‘ನೂರಕ್ಕೆ ೯೯.೯ರಷ್ಟು ಕಾಲ ನಡೆಯುವ ಯಂತ್ರ’ ಎಂದು ಹೇಳುವುದುಂಟು. ಕೇಳುವವನಿಗೆ ಅದು ನೂರೇ ಎಂಬಂತೆ ತೋರುತ್ತದೆ. ವರ್ಷಕ್ಕೆ ೮,೭೬೦ ಗಂಟೆಗಳೆಂದು ಲೆಕ್ಕ ಹಾಕಿದರೆ, ನೂರಕ್ಕೆ ೯೯ ಎಂದರೆ ೮೭ ಗಂಟೆಗಳಿಗೂ ಮೀರಿದ ನಿಲುಗಡೆ, ೯೯.೯ ಎಂದರೆ ಸುಮಾರು ಎಂಟೂಮುಕ್ಕಾಲು ಗಂಟೆ, ೯೯.೯೯ ಎಂದರೆ ೫೩ ನಿಮಿಷ. ಈ ಅಂಕಿಗಳು ಹೇಳದೆ ಬಿಡುವ ವಿಷಯವೊಂದಿದೆ: ಯಾವ ಗಂಟೆ? ಮಾರುಕಟ್ಟೆಯ ಬಾಗಿಲು ಮುಚ್ಚಿದ ನಡುರಾತ್ರಿಯಲ್ಲಿ ಎಂಟು ಗಂಟೆ ನಿಂತರೂ ಕೇಳುವವರಿಲ್ಲ. ಹರಾಜಿನ ವೇಳೆಯಲ್ಲಿ ಒಂದು ಗಂಟೆ ನಿಂತರೆ ದಿನವೇ ಹಾಳು. ಗೌರಿಬಿದನೂರಿನಲ್ಲಿ ಈ ರಿಯಾಯಿತಿಯೂ ಇಲ್ಲ. ಅಲ್ಲಿ ೧೯೬೫ರಿಂದ ಅಣುಶಕ್ತಿ ಇಲಾಖೆಯ ಭೂಕಂಪಮಾಪಕಗಳ ಸಾಲು ಭೂಮಿಯ ನಡುಕವನ್ನೂ ದೂರದೇಶಗಳ ಅಣುಸ್ಫೋಟಗಳನ್ನೂ ಆಲಿಸುತ್ತ ಬಂದಿದೆ. ಭೂಕಂಪಕ್ಕೆ ಕಚೇರಿಯ ವೇಳೆಯಿಲ್ಲ. ದಾಖಲಾಗದೆ ಹೋದ ಕ್ಷಣ ಮರಳಿ ಬರುವುದೂ ಇಲ್ಲ. ಆದುದರಿಂದ ಯಂತ್ರ ಕೊಳ್ಳುವವನು ಮೊದಲು ಅಂಗಡಿಗೆ ಹೋಗದೆ ತನ್ನ ಗಡಿಯಾರವನ್ನು ನೋಡುವುದು ಲೇಸು.

ವರ್ಷವಿಡೀ ಹರಿಯುವ ನದಿಯಿಲ್ಲದ ಚಿಕ್ಕಬಳ್ಳಾಪುರದ ಸೀಮೆ ಕೆರೆಗಳನ್ನು ನಂಬಿ ಬಾಳಿದ್ದು. ಅಲ್ಲಿನ ಹಿರಿಯರು ಕೆರೆ ಕಟ್ಟುವಾಗಲೇ ಕೋಡಿಯನ್ನೂ ಕಟ್ಟಿದರು. ಏರಿ ಒಡೆಯುವ ಮಳೆ ಬಂದ ಮೇಲೆ ಕೋಡಿಗೆ ಕಲ್ಲು ಹುಡುಕಲಿಲ್ಲ. ಒಳ್ಳೆಯ ಸರ್ವರಿನ ರಚನೆಯೂ ಅಂತಹುದೇ. ಒಂದೇ ಲೆಕ್ಕವನ್ನು ಎರಡು ಡಿಸ್ಕುಗಳಲ್ಲಿ ಬರೆದಿಡುವುದು, ವಿದ್ಯುತ್ತು ಪಡೆಯಲು ಎರಡು ಘಟಕಗಳು, ನೆನಪಿನಲ್ಲಿ ನುಸುಳಿದ ಸಣ್ಣ ತಪ್ಪನ್ನು ತಾನೇ ತಿದ್ದಿಕೊಳ್ಳುವ ಸ್ಮೃತಿಕೋಶ, ಒಂದು ಯಂತ್ರ ಬಿದ್ದರೆ ಭಾರ ಹೊರಲು ಪಕ್ಕದಲ್ಲಿ ಇನ್ನೊಂದು. ನೂರಕ್ಕೆ ೯೯ರಷ್ಟು ನಡೆಯುವ ಎರಡು ಯಂತ್ರಗಳು ಜೊತೆಗೂಡಿದರೆ ೯೯.೯೯ ಆಗುತ್ತದೆಂಬುದು ಗಣಿತ. ಆದರೆ ಎರಡೂ ಒಂದೇ ತಂತಿಗೆ, ಒಂದೇ ಯು.ಪಿ.ಎಸ್.ಗೆ ಸಿಕ್ಕಿಕೊಂಡಿದ್ದರೆ ಅವು ಎರಡಲ್ಲ, ಒಂದೇ. ಜೋಡೆತ್ತು ಕೊಂಡು ಎರಡನ್ನೂ ಒಂದೇ ಮುರುಕು ಗೂಟಕ್ಕೆ ಕಟ್ಟಿದ ಹಾಗೆ.

ಇದರ ವಿರುದ್ಧದ ಗಣಿತವೂ ಇದೆ. ‘ಭೂಮಿ’ ಯೋಜನೆಯಲ್ಲಿ ಕರ್ನಾಟಕದ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದ ಮೊದಲ ದಿನಗಳಲ್ಲಿ, ಅಂದರೆ ೨೦೦೦ದ ಆಸುಪಾಸಿನಲ್ಲಿ, ತಾಲ್ಲೂಕಿಗೊಂದು ಸರ್ವರ್ ಇರುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಮುಂದೆ ದಾಖಲೆಗಳು ಬೆಂಗಳೂರಿನ ದತ್ತಾಂಶ ಕೇಂದ್ರವನ್ನು ಸೇರಿದುವು. ಅಲ್ಲಿ ಕಾವಲು, ತಂಪು, ಜನರೇಟರ್ ಎಲ್ಲವೂ ಉತ್ತಮವೆನ್ನಬೇಕು. ಆದರೆ ನಡುವಿನ ದಾರಿಯ ಭಾರ ಹೆಚ್ಚಿತು. ಯಂತ್ರ, ತಂತಿ, ವಿದ್ಯುತ್ತು ಮೂರೂ ಪ್ರತ್ಯೇಕವಾಗಿ ನೂರಕ್ಕೆ ೯೯ರಂತೆ ನಡೆದರೂ, ಮೂರೂ ಇದ್ದರೆ ಮಾತ್ರ ಕೆಲಸವಾಗುವಲ್ಲಿ ಒಟ್ಟು ೯೭ಕ್ಕೆ ಇಳಿಯುತ್ತದೆ. ವರ್ಷಕ್ಕೆ ಹತ್ತಿರ ಹತ್ತಿರ ೧೧ ದಿನ!

ಇಷ್ಟಾದರೂ ದೋಷವೆಲ್ಲ ಕಬ್ಬಿಣದ್ದಲ್ಲ. ಅಮೆರಿಕದ ಟ್ಯಾಂಡೆಮ್ ಸಂಸ್ಥೆ ೧೯೭೦ರ ದಶಕದಲ್ಲಿಯೇ ನಿಲ್ಲದೆ ನಡೆಯುವ ಯಂತ್ರಗಳನ್ನು ನಿರ್ಮಿಸಿ ಬ್ಯಾಂಕುಗಳಿಗೆ ಮಾರಿತು. ಅಲ್ಲಿದ್ದ ವಿಜ್ಞಾನಿ ಜಿಮ್ ಗ್ರೇ, ತಮ್ಮ ಯಂತ್ರಗಳು ನಿಂತದ್ದೇಕೆಂದು ೧೯೮೫ರಲ್ಲಿ ವಿಚಾರಿಸಿದಾಗ, ಯಂತ್ರಾಂಗ ಕೆಟ್ಟು ನಿಂತದ್ದು ನೂರಕ್ಕೆ ೧೮ ಮಾತ್ರ; ನಡೆಸುವವರ ಮತ್ತು ನೋಡಿಕೊಳ್ಳುವವರ ಕೈಯಿಂದ ನಿಂತದ್ದು ೪೨. ಲಕ್ಷಗಟ್ಟಲೆ ಹಣವನ್ನು ಪೆಟ್ಟಿಗೆಗೆ ಸುರಿದು, ನೋಡಿಕೊಳ್ಳುವ ಹುಡುಗನ ತರಬೇತಿಗೆ ಕಾಸು ಬಿಚ್ಚದ ಸಂಸ್ಥೆಗಳು ಇಂದಿಗೂ ಕಡಮೆಯಿಲ್ಲ.

ಚಿಂತಾಮಣಿಯಂತಹ ಪಟ್ಟಣದ ಒಂದು ಪತ್ತಿನ ಸಹಕಾರ ಸಂಘ ಸರ್ವರ್ ಕೊಳ್ಳಹೊರಟಿದೆ ಎನ್ನೋಣ. ವೇಗವೆಷ್ಟು, ಬೆಲೆಯೆಷ್ಟು ಎಂದು ನಿರ್ದೇಶಕರು ಹೇಗೂ ಕೇಳುತ್ತಾರೆ. ಶನಿವಾರ ಸಂಜೆ ಡಿಸ್ಕು ಕೆಟ್ಟರೆ ಬಿಡಿಭಾಗ ೭೫ ಕಿಲೋಮೀಟರಿನಷ್ಟು ದೂರದ ಬೆಂಗಳೂರಿನಿಂದ ಎಷ್ಟು ಗಂಟೆಯಲ್ಲಿ ಬರುತ್ತದೆ, ಕರಾರಿನಲ್ಲಿ ‘ಮುಂದಿನ ಕೆಲಸದ ದಿನ’ ಎಂದಿದೆಯೋ ‘ನಾಲ್ಕು ಗಂಟೆ’ ಎಂದಿದೆಯೋ ಎಂಬುದನ್ನೂ ಕೇಳಬೇಕು. ಲೆಕ್ಕದ ಪ್ರತಿಯೊಂದನ್ನು ಬೇರೆ ಕಟ್ಟಡದಲ್ಲಿಟ್ಟು, ಅದರಿಂದ ಖಾತೆಗಳನ್ನು ಮರಳಿ ಎತ್ತಿ ನೋಡಬೇಕು. ಎತ್ತಿ ನೋಡದ ಪ್ರತಿ ಬೀಗದ ಕೈ ಕಳೆದ ಪೆಟ್ಟಿಗೆ. ಕೊನೆಗೆ, ಹಣ ಸಲ್ಲಿಸುವ ಮುನ್ನ, ಯಂತ್ರ ನಡೆಯುತ್ತಿರುವಾಗಲೇ ಒಂದು ಡಿಸ್ಕನ್ನು ಹೊರಗೆಳೆದು, ಒಂದು ವಿದ್ಯುತ್ತಂತಿಯನ್ನು ಕಿತ್ತು ಪರೀಕ್ಷಿಸಬೇಕು. ಮಾರಾಟಗಾರನ ಮುಖ ಆಗ ಬಿಳಿಚಿಕೊಳ್ಳಬಹುದು. ನಿರ್ದೇಶಕರು ನೋಡಬೇಕಾದುದು ಪರದೆಯನ್ನು.